ಸಂಜೆಯ ಪ್ರಯಾಣ: ರೈಲೋ, ಬೈಸಿಕಲ್ಲೋ?

೧

ವಾಹನದ ವಿಚಾರವು ಸಾಹಿತ್ಯ ಪತ್ರಿಕೆಗೆ ತಕ್ಕ ವಿಷಯವೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ತಕ್ಕುದೆಂದೇ ಈ ಲೇಖಕನ ಅಭಿಪ್ರಾಯ. ಶಾಕುಂತಲ ನಾಟಕವು ಮೊದಲಾಗುವುದೇ ರಥದ ಓಟದಿಂದ. ರಥವು ವೇಗವನ್ನು ಪಡೆದಂತೆಲ್ಲ ಸಣ್ಣದು ದೊಡ್ಡದಾಗಿ, ದೂರದ್ದು ಹತ್ತಿರವಾಗಿ ತೋರುವ ವಿಸ್ಮಯವನ್ನು ಕವಿಯು ದುಷ್ಯಂತನ ಬಾಯಿಂದ ಹೇಳಿಸಿದ್ದಾನೆ. ಏಳನೆಯ ಅಂಕದಲ್ಲಿ ಅದೇ ರಾಜನು ಮಾತಲಿಯ ರಥದಲ್ಲಿ ಕುಳಿತು ಆಕಾಶದಿಂದ ಇಳಿಯುತ್ತಿರುವಾಗ ಭೂಮಿಯೇ ಬೆಟ್ಟಗಳ ತುದಿಯಿಂದ ಕೆಳಕ್ಕೆ ಜಾರುತ್ತಿರುವಂತೆ ಅವನಿಗೆ ಕಾಣುತ್ತದೆ. ನೋಡುವವನು ಒಬ್ಬನೇ; ವಾಹನ ಬೇರೆಯಾದುದರಿಂದ ನೋಟ ಬೇರೆಯಾಯಿತು. ವಾಹನವು ಮನುಷ್ಯನನ್ನು ಹೊತ್ತುಕೊಂಡು ಹೋಗುವುದಷ್ಟೇ ಅಲ್ಲ, ಅವನ ಕಣ್ಣನ್ನೂ ಮನಸ್ಸನ್ನೂ ತಿದ್ದುತ್ತದೆ ಎಂಬುದನ್ನು ನಮ್ಮ ಹಿಂದಿನವರು ಬಲ್ಲವರಾಗಿದ್ದರು.

ಈಗಿನ ಪ್ರಶ್ನೆ ಅಷ್ಟು ರಮ್ಯವಾದುದಲ್ಲ. ದೊಡ್ಡ ಪಟ್ಟಣದ ಒಂದು ಕಡೆಯಲ್ಲಿ ಮನೆ; ಮತ್ತೊಂದು ಕಡೆಯಲ್ಲಿ ಸಂಜೆ ಆರೂವರೆಗೆ ಒಂದು ಉಪನ್ಯಾಸ. ರೈಲಿನಲ್ಲಿ ಹೋಗುವುದು ಮೇಲೋ, ಬೈಸಿಕಲ್ಲಿನಲ್ಲಿ ಹೋಗುವುದು ಮೇಲೋ? ನಮ್ಮ ಜಿಲ್ಲೆಯಲ್ಲಿ ಬೆಂಗಳೂರಿನಲ್ಲಿ ಒಬ್ಬ ಮಗನೋ ಸೊಸೆಯೋ ತಂಗಿಯೋ ಇಲ್ಲದ ಮನೆ ವಿರಳ. ಆದುದರಿಂದ ಇದು ಯಾರದೋ ಊರಿನ ಪ್ರಶ್ನೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಮೇಲಾಗಿ, ರೈಲನ್ನು ಹಳಿದವರೂ ಬೈಸಿಕಲ್ಲನ್ನು ಹೊಗಳಿದವರೂ ಸಾಮಾನ್ಯರಲ್ಲ. ಕವಿಗಳು, ಮಹಾತ್ಮರು, ಪಂಡಿತರು ಈ ವಾದದಲ್ಲಿ ಕೈಹಾಕಿದ್ದಾರೆ. ಅವರ ಗ್ರಂಥಗಳನ್ನು ಒಂದು ಸಂಜೆಯ ಪ್ರಯಾಣವೆಂಬ ಒರೆಗಲ್ಲಿಗೆ ಉಜ್ಜಿ ನೋಡುವುದು ಈ ಲೇಖನದ ಉದ್ದೇಶ.

೨

ಮೊದಲು ರೈಲಿನ ಮೇಲಿನ ಆಕ್ಷೇಪಗಳನ್ನು ನೋಡೋಣ. ೧೮೪೪ರಲ್ಲಿ ಇಂಗ್ಲೆಂಡಿನ ಕೆಂಡಾಲಿನಿಂದ ವಿಂಡರ್‌ಮಿಯರ್ ಸರೋವರದ ಕಡೆಗೆ ರೈಲುದಾರಿ ಹಾಕಬೇಕೆಂಬ ಸನ್ನಾಹ ನಡೆದಾಗ ವೃದ್ಧನಾಗಿದ್ದ ವರ್ಡ್ಸ್‌ವರ್ತ್ ಕವಿ ಒಂದು ಸುನೀತವನ್ನು ಬರೆದು ಅದನ್ನು ಪ್ರತಿಭಟಿಸಿದನು. ಪತ್ರಿಕೆಗೆ ಕಾಗದಗಳನ್ನೂ ಬರೆದನು. ಆ ಕಾಗದಗಳ ವಾದ ವಿಚಾರಾರ್ಹವಾದುದು. ಪ್ರಕೃತಿಸೌಂದರ್ಯವನ್ನು ಆಸ್ವಾದಿಸುವ ಅಭಿರುಚಿ ಹುಟ್ಟಿನಿಂದ ಬರುವುದಲ್ಲ, ಮೆಲ್ಲಮೆಲ್ಲನೆ ಬೆಳೆಯತಕ್ಕದ್ದು. ಕಾರ್ಖಾನೆಯ ಕೆಲಸಗಾರರನ್ನು ಗುಂಪುಗುಂಪಾಗಿ ತಂದು ಸರೋವರದ ದಡದಲ್ಲಿ ಇಳಿಸಿಬಿಟ್ಟರೆ ಅವರಿಗೂ ಲಾಭವಿಲ್ಲ, ಸರೋವರಕ್ಕೂ ಕ್ಷೇಮವಿಲ್ಲ ಎಂಬುದು ಅದರ ತಾತ್ಪರ್ಯ. ಇದೇ ಕವಿ ೧೮೩೩ರಲ್ಲಿ ಉಗಿಹಡಗು, ಸೇತುವೆ, ರೈಲುಗಳನ್ನು ಕುರಿತು ಬರೆದ ಇನ್ನೊಂದು ಸುನೀತದಲ್ಲಿ ಅವುಗಳನ್ನು ಮನುಷ್ಯನ ಬುದ್ಧಿಯ ಫಲವೆಂದು ಒಪ್ಪಿಕೊಂಡಿದ್ದನೆಂಬುದನ್ನು ನೆನೆದರೆ, ರೈಲು ದೂರದಲ್ಲಿದ್ದಾಗ ತತ್ತ್ವವೂ ಹತ್ತಿರ ಬಂದಾಗ ಸಂಕಟವೂ ಆಯಿತೆಂದು ಹೇಳಬೇಕಾಗುತ್ತದೆ. ಹನ್ನೊಂದು ವರ್ಷದಲ್ಲಿ ಬದಲಾದುದು ರೈಲಲ್ಲ. ಅದು ಯಾರನ್ನು ಎಲ್ಲಿಗೆ ತರುತ್ತದೆಂಬ ಅರಿವು.

ಗಾಂಧೀಜಿಯವರ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ೧೯೦೯ರಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕೆಗೆ ಹಿಂದಿರುಗುತ್ತ ಹಡಗಿನಲ್ಲಿಯೇ ಗುಜರಾತಿಯಲ್ಲಿ ಬರೆದ ‘ಹಿಂದ್ ಸ್ವರಾಜ್’ನಲ್ಲಿ, ರೈಲು ರೋಗವನ್ನು ಹರಡಿತು, ಕ್ಷಾಮವನ್ನು ಹೆಚ್ಚಿಸಿತು, ಕೆಡಕಿಗೆ ರೆಕ್ಕೆ ಕಟ್ಟಿತು ಎಂದು ಅವರು ವಾದಿಸಿದ್ದಾರೆ. ಆದರೆ ಅದೇ ಮಹಾತ್ಮರು ಮೂರನೆಯ ತರಗತಿಯ ಗಾಡಿಯಲ್ಲಿ ದೇಶವನ್ನೆಲ್ಲ ಸುತ್ತಿದರು. ೧೯೧೭ರಲ್ಲಿ ಆ ತರಗತಿಯ ಪ್ರಯಾಣಿಕರ ಪಾಡನ್ನು ಕುರಿತು ಬರೆದರು. ಇದರಲ್ಲಿ ವಿರೋಧವನ್ನು ಕಂಡು ನಗುವವರುಂಟು. ಆ ನಗೆ ಸರಿಯಲ್ಲ. ಮೊದಲನೆಯ ಗ್ರಂಥದಲ್ಲಿ ಅವರು ವಾಹನವನ್ನು ವಿಚಾರಿಸಿದರು. ಎರಡನೆಯದರಲ್ಲಿ ಅದರೊಳಗೆ ಕುಳಿತ ಜನರನ್ನು ಕಂಡರು. ಎರಡನೆಯ ಬರಹವು ಚಿಕ್ಕದಾದರೂ ಇಂದಿಗೂ ನಮ್ಮನ್ನು ಹೆಚ್ಚು ಕಲಕುವುದಾದರೆ ಅದಕ್ಕೆ ಕಾರಣ ಇಲ್ಲಿಯೇ ಇದೆ. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ರೈಲಿನ ಪರವಾಗಿಯೂ ಸಾಹಿತ್ಯವು ಸಾಕ್ಷಿ ಹೇಳುತ್ತದೆ. ರೈಲು ಓದುಗರನ್ನು ಸೃಷ್ಟಿಸಿತು. ಅಲಹಾಬಾದಿನಲ್ಲಿ ೧೮೭೭ರಲ್ಲಿ ಮೊದಲಾದ ವೀಲರ್ ಪುಸ್ತಕದಂಗಡಿಗಳು ನಿಲ್ದಾಣ ನಿಲ್ದಾಣಕ್ಕೂ ಹರಡಿದುವು. ಅದೇ ಸಂಸ್ಥೆ ೧೮೮೮ರಲ್ಲಿ ಹೊರಡಿಸಿದ ರೈಲು ಗ್ರಂಥಮಾಲೆಯಿಂದಲೇ ಕಿಪ್ಲಿಂಗನ ಕಥೆಗಳು ದೂರದ ಓದುಗರ ಕೈಸೇರಿದುವು. ಜರ್ಮನಿಯ ಶಿವೆಲ್‌ಬುಶ್ ಎಂಬ ವಿದ್ವಾಂಸರು ೧೯೭೭ರಲ್ಲಿ ಪ್ರಕಟಿಸಿದ ರೈಲು ಪ್ರಯಾಣದ ಚರಿತ್ರೆಯಲ್ಲಿ ಇದರ ಕಾರಣವನ್ನು ಚೆನ್ನಾಗಿ ವಿವೇಚಿಸಿದ್ದಾರೆ. ಕುದುರೆಗಾಡಿಯಲ್ಲಿ ಹೋಗುವವನು ದಾರಿಯ ಬದಿಯ ಹೂವನ್ನೂ ಕಲ್ಲನ್ನೂ ಕಾಣುತ್ತಿದ್ದನು. ರೈಲಿನ ವೇಗದಲ್ಲಿ ಹತ್ತಿರದ್ದೆಲ್ಲ ಕಲಸಿಹೋಗಿ ದೂರದ ಚಿತ್ರಪಟವೊಂದೇ ಉಳಿಯಿತು. ಕಣ್ಣಿಗೆ ಕೆಲಸ ತಪ್ಪಿದುದರಿಂದ ಕೈ ಪುಸ್ತಕವನ್ನು ಹುಡುಕಿತು ಎಂಬುದು ಅವರ ವಾದದ ಸಾರ. ದುಷ್ಯಂತನ ಅನುಭವವನ್ನೇ ಇದು ಶಾಸ್ತ್ರದ ಭಾಷೆಯಲ್ಲಿ ಹೇಳುತ್ತದೆಂದರೆ ತಪ್ಪಾಗಲಾರದು.

೩

ಬೈಸಿಕಲ್ಲಿನ ಭಾಗ್ಯ ಬೇರೆ ಬಗೆಯದು. ಅದನ್ನು ಹಳಿದ ಮಹಾಪುರುಷರು ಕಡಮೆ, ಹೊಗಳಿದವರು ಬಹಳ. ಎಚ್. ಜಿ. ವೆಲ್ಸ್ ೧೮೯೬ರಲ್ಲಿ ಬರೆದ ‘ದಿ ವೀಲ್ಸ್ ಆಫ್ ಚಾನ್ಸ್’ ಎಂಬ ಕಾದಂಬರಿಯ ನಾಯಕನು ಲಂಡನ್ನಿನ ಪಟ್ನಿಯ ಬಟ್ಟೆ ಅಂಗಡಿಯೊಂದರ ಗುಮಾಸ್ತೆ, ಹೂಪ್‌ಡ್ರೈವರ್. ಅವನಿಗೆ ದೊರೆತಿರುವುದು ಹತ್ತು ದಿನಗಳ ರಜ. ಬೈಸಿಕಲ್ ಕಲಿಯುವಾಗ ಕಾಲಿನಲ್ಲಿ ಮೂಡಿದ ಗಾಯಗಳ ವರ್ಣನೆಯಿಂದಲೇ ಅವನ ಪರಿಚಯವಾಗುತ್ತದೆ. ಆ ಹತ್ತು ದಿನ ಅವನು ಯಾರ ಆಳೂ ಅಲ್ಲ. ರಜ ಮುಗಿದಮೇಲೆ ಮತ್ತೆ ಅಂಗಡಿ, ಮತ್ತೆ ಅದೇ ಅಳತೆಯ ಕೋಲು. ಕಾದಂಬರಿಯ ಸೊಗಸು ಬೈಸಿಕಲ್ಲಿನಲ್ಲಿ ಇಲ್ಲ. ಬೈಸಿಕಲ್ಲಿನ ಮೇಲೆ ಕುಳಿತವನಿಗೆ ಮರಳಿ ಹೋಗಬೇಕಾದ ಅಂಗಡಿಯೊಂದು ಇದೆ ಎಂಬುದನ್ನು ವೆಲ್ಸ್ ಮರೆಯದಿರುವುದರಲ್ಲಿ ಇದೆ.

ಬೈಸಿಕಲ್ಲಿನ ಪರವಾಗಿ ಅತ್ಯಂತ ಪ್ರಬಲವಾದ ವಾದವನ್ನು ಹೂಡಿದವರು ಇವಾನ್ ಇಲಿಚ್. ೧೯೭೪ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ‘ಎನರ್ಜಿ ಅಂಡ್ ಈಕ್ವಿಟಿ’ ಎಂಬ ಕಿರುಹೊತ್ತಗೆ ಅಂಥ ಗ್ರಂಥಗಳಲ್ಲಿ ಕಿರೀಟಪ್ರಾಯವಾದುದು. ಅದರ ಲೆಕ್ಕ ಹೀಗಿದೆ. ಅಮೆರಿಕದ ಸಾಮಾನ್ಯ ಗೃಹಸ್ಥನು ತನ್ನ ಕಾರಿಗಾಗಿ ವರ್ಷಕ್ಕೆ ೧,೬೦೦ ಗಂಟೆಗಳನ್ನು ಕಳೆಯುತ್ತಾನೆ. ಅದನ್ನು ನಡೆಸುವ ಕಾಲ, ನಿಂತು ಕಾಯುವ ಕಾಲ, ಅದರ ಬೆಲೆಯನ್ನೂ ಎಣ್ಣೆಯನ್ನೂ ವಿಮೆಯನ್ನೂ ತೆರಿಗೆಯನ್ನೂ ತೆರುವುದಕ್ಕಾಗಿ ದುಡಿಯುವ ಕಾಲ ಇವೆಲ್ಲ ಅದರಲ್ಲಿ ಸೇರಿದುವು. ಇಷ್ಟು ಕಳೆದು ಅವನು ಸಾಗುವುದು ೭,೫೦೦ ಮೈಲಿ. ಎಂದರೆ ಗಂಟೆಗೆ ಐದು ಮೈಲಿಗೂ ಕಡಮೆ. ಬೈಸಿಕಲ್ಲಿನವನಾದರೋ ಕಾಲುನಡಿಗೆಯವನಿಗಿಂತ ಮೂರು ನಾಲ್ಕು ಪಾಲು ಬೇಗ ಹೋಗುತ್ತಾನೆ. ಅದಕ್ಕೆ ವೆಚ್ಚವಾಗುವ ಶಕ್ತಿ ಐದರಲ್ಲೊಂದು ಪಾಲು. ಒಂದು ಮಿತಿಯನ್ನು ಮೀರಿದ ವೇಗವು ಕೆಲವರ ಕಾಲವನ್ನು ಉಳಿಸಿ ಹಲವರ ಕಾಲವನ್ನು ಕದಿಯುತ್ತದೆ. ಆದುದರಿಂದ ವೇಗದ ಪ್ರಶ್ನೆ ನ್ಯಾಯದ ಪ್ರಶ್ನೆ ಎಂಬುದು ಇಲಿಚರ ಸಿದ್ಧಾಂತ.

ಈ ಸಿದ್ಧಾಂತವನ್ನು ಓದಿದವರ ಮನಸ್ಸು ಒಮ್ಮೆಯಾದರೂ ಹೌದೆನ್ನದೆ ಇರಲಾರದು. ಆದರೆ ಹೌದೆಂದ ಮೇಲೆ ಒಂದು ಸಂಜೆ ಮನೆಯಿಂದ ಹೊರಟು ನೋಡಬೇಕು.

೪

ಪ್ರಯಾಣವು ಬೆಂಗಳೂರಿನ ಇಂದಿರಾನಗರದಿಂದ ಬಸವನಗುಡಿಗೆ ಎಂದಿಟ್ಟುಕೊಳ್ಳೋಣ. ಬಸವನಗುಡಿಯಲ್ಲಿ ೧೯೪೫ರಲ್ಲಿ ಸ್ಥಾಪಿತವಾದ ಎರಡು ಸಂಸ್ಥೆಗಳಿವೆ. ಒಂದು ಡಿ. ವಿ. ಗುಂಡಪ್ಪನವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಇನ್ನೊಂದು ವಾಡಿಯಾ ದಂಪತಿಗಳು ಕಟ್ಟಿದ ವರ್ಲ್ಡ್ ಕಲ್ಚರ್ ಸಂಸ್ಥೆ. ನಗರದ ಈಚೆಯ ಕೊನೆಯವರು ಆಚೆಯ ಕೊನೆಗೆ ಸಂಜೆಯ ಹೊತ್ತು ಹೋಗಬೇಕೆಂದು ಬಯಸುವುದಕ್ಕೆ ಇಂಥ ಸಂಸ್ಥೆಗಳು ಸಾಕಷ್ಟು ಕಾರಣವಾಗಿವೆ.

ನಮ್ಮ ಮೆಟ್ರೋ ರೈಲಿನ ಮೊದಲ ತುಂಡು ಬೈಯಪ್ಪನಹಳ್ಳಿಯಿಂದ ಮಹಾತ್ಮಾಗಾಂಧಿ ರಸ್ತೆಯವರೆಗೆ ೨೦೧೧ರ ಅಕ್ಟೋಬರಿನಲ್ಲಿ ತೆರೆಯಿತು. ೨೦೧೬ರಲ್ಲಿ ನೆಲದೊಳಗಿನ ದಾರಿ ಕೂಡಿಕೊಂಡಿತು. ೨೦೧೭ರಲ್ಲಿ ಹಸುರು ದಾರಿ ಮಾರುಕಟ್ಟೆಯನ್ನು ದಾಟಿ ದಕ್ಷಿಣಕ್ಕೆ ಬಂದಿತು. ಇಂದಿರಾನಗರದಲ್ಲಿ ನೇರಳೆ ದಾರಿಯ ಗಾಡಿಯನ್ನು ಹತ್ತಿದವನು ಹಲಸೂರು, ಟ್ರಿನಿಟಿ, ಮಹಾತ್ಮಾಗಾಂಧಿ ರಸ್ತೆಗಳನ್ನು ಮೇಲುಸೇತುವೆಯ ಮೇಲಿನಿಂದ ಕಂಡು, ಕಬ್ಬನ್ ಪಾರ್ಕಿನ ಹೊತ್ತಿಗೆ ನೆಲದೊಳಕ್ಕೆ ಇಳಿದು, ಏಳನೆಯ ನಿಲ್ದಾಣವಾದ ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿ, ಹಸುರು ದಾರಿಯಲ್ಲಿ ಚಿಕ್ಕಪೇಟೆ, ಕೃಷ್ಣರಾಜ ಮಾರುಕಟ್ಟೆಗಳನ್ನು ಕಳೆದು ಮೂರನೆಯದಾದ ನ್ಯಾಷನಲ್ ಕಾಲೇಜಿನಲ್ಲಿ ಇಳಿಯಬೇಕು. ಅಲ್ಲಿಂದ ವರ್ಲ್ಡ್ ಕಲ್ಚರ್ ಸಂಸ್ಥೆಗೆ ಹತ್ತು ಹನ್ನೆರಡು ನಿಮಿಷದ ನಡಿಗೆ.

ನಕ್ಷೆಯನ್ನು ಬಿಡಿಸಿ ನೋಡಿದರೆ ಸ್ವಾರಸ್ಯವು ಗೋಚರವಾಗುತ್ತದೆ. ಬಸವನಗುಡಿಯು ಇಂದಿರಾನಗರಕ್ಕೆ ನೈಋತ್ಯದಲ್ಲಿದೆ. ರೈಲು ಮೊದಲು ಪಶ್ಚಿಮಕ್ಕೆ ಮೆಜೆಸ್ಟಿಕ್ಕಿನವರೆಗೆ ಹೋಗಿ, ಬಳಿಕ ದಕ್ಷಿಣಕ್ಕೆ ತಿರುಗಿ, ತ್ರಿಕೋಣದ ಎರಡು ಭುಜಗಳನ್ನು ಅಳೆಯುತ್ತದೆ. ಬೈಸಿಕಲ್ಲಿನವನು ಕರ್ಣವನ್ನು ಹಿಡಿಯುತ್ತಾನೆ. ಹಲಸೂರು, ಟ್ರಿನಿಟಿ, ಶಾಂತಿನಗರ, ಲಾಲ್‌ಬಾಗಿನ ಬೇಲಿ, ಮಿನರ್ವ ವೃತ್ತ, ಅಲ್ಲಿಂದ ಬಸವನಗುಡಿ. ರೈಲಿನ ದಾರಿ ಸುಮಾರು ೧೨ ಕಿಲೋಮೀಟರು, ಬೈಸಿಕಲ್ಲಿನದು ೧೦ರ ಆಸುಪಾಸು. ಮನೆಯಿಂದ ನಿಲ್ದಾಣಕ್ಕೆ ನಡಿಗೆ, ಗಾಡಿಗಾಗಿ ಕಾಯುವುದು, ಮೆಜೆಸ್ಟಿಕ್ಕಿನ ಮೆಟ್ಟಿಲು, ಕೊನೆಯ ನಡಿಗೆ ಇವನ್ನೆಲ್ಲ ಕೂಡಿಸಿದರೆ ರೈಲಿನವನಿಗೆ ಒಂದು ಗಂಟೆಗೆ ಐದು ನಿಮಿಷ ಕಡಮೆಯಾದೀತು. ಸಾಧಾರಣ ಮೈಕಟ್ಟಿನ ಬೈಸಿಕಲ್ಲಿನವನು ದೀಪಸ್ತಂಭಗಳಲ್ಲಿ ನಿಂತು ನಿಂತು ಹೋದರೂ ಐವತ್ತು ನಿಮಿಷದೊಳಗೆ ತಲಪಬಲ್ಲನು. ವೇಗದ ವಾದ ಇಲ್ಲಿಗೆ ಮುಗಿಯಿತು. ಗೆದ್ದವರೂ ಇಲ್ಲ, ಸೋತವರೂ ಇಲ್ಲ.

ಇಲಿಚರ ಲೆಕ್ಕವನ್ನು ಈ ರೈಲಿಗೂ ಹಾಕಿ ನೋಡೋಣ. ೨೦೨೫ರ ಫೆಬ್ರವರಿಯಲ್ಲಿ ಈ ರೈಲಿನ ಗರಿಷ್ಠ ದರವು ೬೦ ರೂಪಾಯಿಯಿಂದ ೯೦ಕ್ಕೆ ಏರಿತು. ಉದಾಹರಣೆಗಾಗಿ, ನಮ್ಮ ಪ್ರಯಾಣಕ್ಕೆ ಹೋಗಿ ಬರುವುದಕ್ಕೆ ೧೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ ಎಂಟು ಗಂಟೆ ದುಡಿದು ೫೦೦ ರೂಪಾಯಿ ಪಡೆಯುವವನಿಗೆ ಆ ನೂರು ರೂಪಾಯಿ ಒಂದೂವರೆ ಗಂಟೆಗೂ ಮೀರಿದ ದುಡಿಮೆ. ಪ್ರಯಾಣದ ಕಾಲ ಎರಡು ಗಂಟೆಗೆ ಅದನ್ನು ಸೇರಿಸಿದರೆ ಅವನು ಗಂಟೆಗೆ ಏಳು ಕಿಲೋಮೀಟರಿಗಿಂತಲೂ ಮೆಲ್ಲಗೆ ಸಾಗಿದಂತಾಯಿತು; ಎಂದರೆ ಕಾಲುನಡಿಗೆಗಿಂತ ಸ್ವಲ್ಪ ಮಾತ್ರ ಮೇಲು. ಗಂಟೆಗೆ ೫೦೦ ರೂಪಾಯಿ ಪಡೆಯುವವನಿಗೆ ಅದೇ ನೂರು ರೂಪಾಯಿ ಹನ್ನೆರಡು ನಿಮಿಷ. ಒಂದೇ ಗಾಡಿ, ಒಂದೇ ಬೆಂಚು. ಪಕ್ಕಪಕ್ಕದಲ್ಲಿ ಕುಳಿತ ಇಬ್ಬರು ಎರಡು ವೇಗಗಳಲ್ಲಿ ಹೋಗುತ್ತಿದ್ದಾರೆ. ಇದನ್ನು ಕಾಣಿಸಿಕೊಟ್ಟುದಕ್ಕಾಗಿ ಇಲಿಚರಿಗೆ ನಾವು ಋಣಿಗಳಾಗಿರಬೇಕು.

ನೋಟದ ವಾದವೇನಾಯಿತು? ಬೆಂಗಳೂರು ಸಮತಲವಾದ ಊರೆಂದು ಮೇಲುಸೇತುವೆಯಲ್ಲಿ ಹೋಗುವವನು ನಂಬಿದರೆ ಆಶ್ಚರ್ಯವಿಲ್ಲ. ಹಾಗಲ್ಲವೆಂದು ಬೈಸಿಕಲ್ಲಿನವನ ಮೊಳಕಾಲು ಬಲ್ಲುದು. ಹಲಸೂರು ಕೆರೆಯ ತಗ್ಗಿನಿಂದ ಟ್ರಿನಿಟಿಯ ದಿಣ್ಣೆಗೆ ಏರು, ಅಲ್ಲಿಂದ ಶಾಂತಿನಗರದ ಕಡೆಗೆ ಇಳಿಜಾರು, ಮತ್ತೆ ಲಾಲ್‌ಬಾಗಿನ ಬಂಡೆಯ ಕಡೆಗೆ ಏರು. ಈ ಊರಿನ ನೀರು ಒಂದು ಪಾಲು ಅರ್ಕಾವತಿಯ ಮೂಲಕ ಕಾವೇರಿಗೂ ಇನ್ನೊಂದು ಪಾಲು ದಕ್ಷಿಣ ಪಿನಾಕಿನಿಗೂ ಹರಿಯುವುದೇಕೆಂಬುದನ್ನು ಭೂಗೋಳದ ಪುಸ್ತಕಕ್ಕಿಂತ ಬೈಸಿಕಲ್ಲು ಸ್ಪಷ್ಟವಾಗಿ ಕಲಿಸುತ್ತದೆ. ರೈಲಿನವನಾದರೋ ೧೫೩೭ರಲ್ಲಿ ಕೆಂಪೇಗೌಡನು ಕಟ್ಟಿದ ಪೇಟೆಯ ಅಡಿಯಲ್ಲಿಯೇ ಹಾದುಹೋಗುತ್ತಾನೆ. ಒಂದು ಬೀದಿಯನ್ನೂ ಕಾಣುವುದಿಲ್ಲ. ಗೋಡೆಯ ಮೇಲೆ ಚಿಕ್ಕಪೇಟೆಯೆಂಬ ಹೆಸರನ್ನು ಓದುತ್ತಾನೆ, ಅಷ್ಟೆ.

ಇಷ್ಟು ಹೇಳಿ ನಿಲ್ಲಿಸಿದರೆ ಲೇಖನವು ಬೈಸಿಕಲ್ಲಿನ ಪ್ರಶಸ್ತಿಯಾಗುತ್ತಿತ್ತು. ಆದರೆ ನಮ್ಮ ಪ್ರಯಾಣ ಸಂಜೆಯದು. ವೆಲ್ಸನ ಗುಮಾಸ್ತೆ ಸುತ್ತಿದ್ದು ಹಳ್ಳಿಗಾಡಿನ ರಸ್ತೆಗಳನ್ನು, ಬೇಸಗೆಯ ಹಗಲಿನಲ್ಲಿ. ಸಂಜೆ ಆರು ಗಂಟೆಗೆ ಶಾಂತಿನಗರದ ರಸ್ತೆಯಲ್ಲಿ ಬೈಸಿಕಲ್ಲಿನವನ ಕಣ್ಣು ಲಾಲ್‌ಬಾಗಿನ ಮರಗಳ ಮೇಲೆ ಇರುವುದಿಲ್ಲ. ಮುಂದಿನ ಬಸ್ಸಿನ ಹಿಂಭಾಗದ ಮೇಲೆ, ಚಕ್ರದ ಕೆಳಗಿನ ಗುಂಡಿಯ ಮೇಲೆ, ಬಲಗಡೆಯಿಂದ ನುಗ್ಗುವ ಮೋಟಾರು ಬೈಕಿನ ಮೇಲೆ ಇರುತ್ತದೆ. ರೈಲಿನವನಿಗೆ ನೋಟವಿಲ್ಲದಿದ್ದರೂ ಪುಸ್ತಕವಿದೆ. ಬೈಸಿಕಲ್ಲಿನವನಿಗೆ ನೋಟವುಂಟು, ನೋಡುವುದಕ್ಕೆ ಬಿಡುವಿಲ್ಲ.

೫

ಇಲ್ಲಿಂದ ಮುಂದಕ್ಕೆ ಗ್ರಂಥಗಳು ನಮ್ಮ ಕೈಬಿಡುತ್ತವೆ. ಉಪನ್ಯಾಸ ಮುಗಿಯುವುದು ಎಂಟೂವರೆಗೆ. ನವಂಬರಿನಲ್ಲಿ ಬೆಂಗಳೂರಿನ ಸೂರ್ಯ ಆರು ಗಂಟೆಗೆ ಮುಂಚೆಯೇ ಮುಳುಗುತ್ತಾನೆ. ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಗುಡುಗುಮಳೆ ಸುರಿಯುವುದು ಬಹುಮಟ್ಟಿಗೆ ಈ ಹೊತ್ತಿನಲ್ಲಿಯೇ. ಹೋಗುವಾಗ ಇದ್ದ ರಸ್ತೆ ಬರುವಾಗ ಇರುವುದಿಲ್ಲ. ನೀರು ಅದನ್ನು ಮುಚ್ಚಿರುತ್ತದೆ, ಗುಂಡಿಗಳು ನೀರಿನೊಳಗೆ ಅಡಗಿರುತ್ತವೆ. ಆಗ ಮನೆಯ ಮಗಳು ಬೈಸಿಕಲ್ಲಿನಲ್ಲಿ ಬರುತ್ತಿದ್ದಾಳೆಂದರೆ ಯಾವ ತಾಯಿಗೂ ಇಲಿಚರ ಲೆಕ್ಕದಿಂದ ಸಮಾಧಾನವಾಗಲಾರದು. ಬೆಳಕು ತುಂಬಿದ ಗಾಡಿ, ಸ್ತ್ರೀಯರಿಗಾಗಿ ಮೀಸಲಾದ ಭಾಗ, ಸುತ್ತಲೂ ಜನ: ಇವುಗಳ ಬೆಲೆಯನ್ನು ಗಂಟೆಯ ಕಿಲೋಮೀಟರಿನಲ್ಲಿ ಅಳೆಯುವ ಕ್ರಮವನ್ನು ಯಾರೂ ಕಂಡುಹಿಡಿದಿಲ್ಲ.

ಹಾಗಾದರೆ ಬೈಸಿಕಲ್ಲು ಹೆಂಗಸರಿಗೆ ತಕ್ಕುದಲ್ಲವೆಂದು ಯಾರಾದರೂ ಅರ್ಥಮಾಡುವುದಾದರೆ ಅದು ದೊಡ್ಡ ತಪ್ಪು. ೧೯೯೦ರ ದಶಕದ ಆದಿಯಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತೆಯ ಚಳವಳಿಯ ಅಂಗವಾಗಿ ಸಾವಿರಾರು ಹಳ್ಳಿಯ ಹೆಂಗಸರು ಬೈಸಿಕಲ್ ಕಲಿತರು. ಪಿ. ಸಾಯಿನಾಥರು ೧೯೯೬ರ ತಮ್ಮ ಗ್ರಂಥದಲ್ಲಿ ಅದನ್ನು ವರ್ಣಿಸಿದ್ದಾರೆ. ಅಕ್ಷರವನ್ನು ಕಲಿಸಲು ಹೊರಟವರು ಚಕ್ರವನ್ನೇಕೆ ಕಲಿಸಿದರು? ಯಾರ ಅಪ್ಪಣೆಯನ್ನೂ ಯಾವ ಬಸ್ಸನ್ನೂ ಕಾಯದೆ ಮನೆಯ ಹೊಸಲು ದಾಟುವುದು ಓದಿನಷ್ಟೇ ದೊಡ್ಡ ವಿದ್ಯೆಯೆಂದು ಅವರು ತಿಳಿದಿದ್ದರು. ನಮ್ಮ ರಾಜ್ಯದಲ್ಲಿಯೂ ೨೦೦೬-೦೭ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರವು ಬೈಸಿಕಲ್ಲುಗಳನ್ನು ಹಂಚಿದಾಗ ಹಳ್ಳಿಯ ರಸ್ತೆಗಳಲ್ಲಿ ಜಡೆಯ ಹುಡುಗಿಯರು ಸಾಲುಸಾಲಾಗಿ ಹೋದುದನ್ನು ನಮ್ಮ ವಾಚಕರೆಲ್ಲ ಕಂಡಿದ್ದಾರೆ. ಹಳ್ಳಿಯಲ್ಲಿ ಆ ಹುಡುಗಿಯನ್ನು ಬಿಡುಗಡೆಗೊಳಿಸಿದ ಬೈಸಿಕಲ್ಲು, ಅವಳು ಬೆಳೆದು ಕೆಲಸಕ್ಕೆಂದು ಬೆಂಗಳೂರಿಗೆ ಹೋದಮೇಲೆ ಅವಳಿಗೆ ಭಯದ ವಸ್ತುವಾಯಿತೆಂದರೆ, ತಪ್ಪು ಬೈಸಿಕಲ್ಲಿನದೂ ಅಲ್ಲ, ಹುಡುಗಿಯದೂ ಅಲ್ಲ, ರಸ್ತೆಯದು.

ಬಡವನ ಮಾತೇನು? ಇದಕ್ಕೆ ಉತ್ತರವನ್ನು ವಿಟ್ಟೋರಿಯೋ ದ ಸೀಕ ೧೯೪೮ರಲ್ಲಿ ತೆಗೆದ ‘ಬೈಸಿಕಲ್ ಥೀವ್ಸ್’ ಎಂಬ ಇಟಲಿಯ ಚಲಚ್ಚಿತ್ರದಲ್ಲಿ ಕಾಣಬೇಕು. ರೋಮಿನ ಗೋಡೆಗಳಿಗೆ ಜಾಹೀರಾತು ಅಂಟಿಸುವ ಕೆಲಸ ಸಿಕ್ಕಬೇಕಾದರೆ ರಿಚ್ಚಿಗೆ ಬೈಸಿಕಲ್ಲು ಇರಲೇಬೇಕು. ಅಡವಿಟ್ಟ ಬೈಸಿಕಲ್ಲನ್ನು ಬಿಡಿಸುವುದಕ್ಕೆ ಹೆಂಡತಿ ಹಾಸಿಗೆಯ ದುಪ್ಪಟಿಗಳನ್ನೇ ಒತ್ತೆಯಿಡುತ್ತಾಳೆ. ಮೊದಲ ದಿನವೇ ಅದು ಕಳುವಾಗುತ್ತದೆ. ಮಗನೊಡನೆ ಊರೆಲ್ಲ ಅಲೆದು, ಕೊನೆಗೆ ತಾನೇ ಇನ್ನೊಬ್ಬನ ಬೈಸಿಕಲ್ಲಿಗೆ ಕೈಹಾಕಿ ಸಿಕ್ಕಿಬಿದ್ದು, ಮಗನ ಕಣ್ಣೆದುರಿಗೆ ಅವಮಾನಗೊಂಡು, ಆ ತಂದೆ ಸಂಜೆಯ ಜನಸಂದಣಿಯಲ್ಲಿ ಕರಗಿಹೋಗುತ್ತಾನೆ. ಹೂಪ್‌ಡ್ರೈವರನಿಗೆ ಬೈಸಿಕಲ್ಲು ಹತ್ತು ದಿನದ ಸ್ವಾತಂತ್ರ್ಯವಾಗಿತ್ತು. ರಿಚ್ಚಿಗೆ ಅದು ಅನ್ನ. ಇಂದಿಗೂ ನಮ್ಮ ಪಟ್ಟಣಗಳಲ್ಲಿ ರಾತ್ರಿಯ ಹೊತ್ತು ಬೈಸಿಕಲ್ಲು ತುಳಿಯುವವರಲ್ಲಿ ಕಾವಲುಗಾರರೂ ಹೋಟೆಲಿನ ಕೆಲಸದವರೂ ಉಂಟು. ಅವರು ರೈಲೋ ಬೈಸಿಕಲ್ಲೋ ಎಂದು ಲೇಖನ ಬರೆಯುವವರಲ್ಲ. ಅವರಿಗೆ ಆಯ್ಕೆಯೇ ಇಲ್ಲ. ಅವರು ತುಳಿಯುವುದನ್ನು ಕಂಡು ಶಕ್ತಿಯ ಮಿತವ್ಯಯವೆಂದು ಹೊಗಳುವವರು ಹಸಿದವನ ಉಪವಾಸವನ್ನು ವ್ರತವೆಂದು ಹೊಗಳುವವರ ಸಾಲಿಗೆ ಸೇರಬೇಕಾದೀತು.

ಒಂದು ಹಳೆಯ ಸಂಗತಿಯನ್ನು ಇಲ್ಲಿ ನೆನೆಯಬಹುದು. ಹಿಂದೆ ನಮ್ಮ ಊರುಗಳಲ್ಲಿ ಬೈಸಿಕಲ್ಲಿಗೆ ಪುರಸಭೆಯ ಬಿಲ್ಲೆ ಬೇಕಾಗಿತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಇಬ್ಬರು ಕುಳಿತು ಹೋದರೆ, ಪೋಲೀಸಿನವನು ತಡೆದು ದಂಡ ಹಾಕುತ್ತಿದ್ದನು. ಜನ ಆಗ ಗೊಣಗಿದರು. ಈಗ ಬಿಲ್ಲೆಯೂ ಇಲ್ಲ, ದಂಡವೂ ಇಲ್ಲ. ಇದು ಲಾಭವೆಂದು ತೋರುತ್ತದೆ. ಆದರೆ ದಂಡ ವಿಧಿಸುವುದೂ ಒಂದು ಬಗೆಯ ಮನ್ನಣೆ. ರಸ್ತೆಯಲ್ಲಿ ಇವನೂ ಒಬ್ಬನಿದ್ದಾನೆಂದು ಸರಕಾರವು ಒಪ್ಪಿದಂತೆ. ೨೦೨೦ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬದಿಯಲ್ಲಿ ಗೂಟಗಳನ್ನು ನೆಟ್ಟು ಬೈಸಿಕಲ್ಲಿಗೆಂದು ಒಂದು ಓಣಿಯನ್ನು ಬಿಟ್ಟರು. ಆ ಗೂಟಗಳು ಬಹುಕಾಲ ನಿಲ್ಲಲಿಲ್ಲ. ಗೂಟ ಕಿತ್ತುಹೋದುದು ಸಣ್ಣ ವಿಷಯ. ಮನ್ನಣೆ ಕಿತ್ತುಹೋದುದು ದೊಡ್ಡದು.

೬

ಈಗ ಗ್ರಂಥಗಳನ್ನು ತೂಗಿ ನೋಡಬಹುದು. ವರ್ಡ್ಸ್‌ವರ್ತ್ ಕವಿ ರೈಲನ್ನು ವಿಚಾರಿಸುವಾಗ ಸರೋವರವನ್ನು ಕಂಡನು. ಸರೋವರವನ್ನು ನೋಡಲು ಬರುವ ಕೆಲಸಗಾರನನ್ನು ಗುಂಪಾಗಿ ಕಂಡನೇ ಹೊರತು ಒಬ್ಬ ಮನುಷ್ಯನಾಗಿ ಕಾಣಲಿಲ್ಲ. ೧೮೪೭ರಲ್ಲಿ ರೈಲು ಬಂದೇ ಬಂದಿತು, ಕೆಲಸಗಾರರೂ ಬಂದರು, ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅದೇ ಕವಿಯ ಪುಸ್ತಕವನ್ನು ಹಿಡಿದು ಬಂದವರೂ ಇದ್ದಿರಲೇಬೇಕು. ಇಲಿಚರ ಗ್ರಂಥವು ಬುದ್ಧಿಗೆ ಚಾಟಿಯಂತೆ ಕೆಲಸ ಮಾಡುತ್ತದೆ. ಆದರೆ ಅವರ ಬೈಸಿಕಲ್ಲಿನವನಿಗೆ ವಯಸ್ಸಿಲ್ಲ, ಲಿಂಗವಿಲ್ಲ, ಮಂಡಿನೋವಿಲ್ಲ, ಮಳೆಯಿಲ್ಲ, ರಾತ್ರಿಯಿಲ್ಲ. ಅವನು ಗಣಿತದ ಮನುಷ್ಯ. ವೆಲ್ಸ್ ಮತ್ತು ದ ಸೀಕ ಇವರು ವಾಹನಗಳ ಬಗ್ಗೆ ಯಾವ ಸಿದ್ಧಾಂತವನ್ನೂ ಹೂಡಲಿಲ್ಲ. ಒಬ್ಬನ ಕಾಲಿನ ಗಾಯವನ್ನು ಒಬ್ಬರು ಕಂಡರು. ಒಬ್ಬನ ಮನೆಯ ದುಪ್ಪಟಿಯನ್ನು ಇನ್ನೊಬ್ಬರು ಕಂಡರು. ಆದುದರಿಂದಲೇ ಅವರ ಕೃತಿಗಳು ನಮ್ಮ ಸಂಜೆಯ ಪ್ರಶ್ನೆಗೆ ಹತ್ತಿರವಾಗಿವೆ. ಗಾಂಧೀಜಿಯವರ ಎರಡು ಬರಹಗಳಲ್ಲಿ ನಾವು ಕಂಡ ಭೇದವೂ ಇದೇ. ವಾಹನವನ್ನು ನೋಡಿ ಬರೆದುದು ವಾದವಾಗಿ ಉಳಿಯುತ್ತದೆ. ಕುಳಿತವನನ್ನು ನೋಡಿ ಬರೆದುದು ಸಾಹಿತ್ಯವಾಗುತ್ತದೆ.

ಇಷ್ಟಾದರೂ ವಾಚಕರು ಬಿಡುವವರಲ್ಲ. ಕೊನೆಗೆ ಯಾವುದರಲ್ಲಿ ಹೋಗುವುದೆಂದು ಕೇಳಿಯಾರು. ಈ ಲೇಖಕನ ತೀರ್ಪು ಹೀಗಿದೆ. ಕಾಲವು ಎರಡಕ್ಕೂ ಹೆಚ್ಚುಕಡಮೆ ಒಂದೇ ಆಗಿರುವಲ್ಲಿ ಗಡಿಯಾರವನ್ನು ಬದಿಗಿಟ್ಟು, ತಲಪಿದಮೇಲೆ ನಾನು ಎಂಥವನಾಗಿರಬೇಕೆಂದು ಕೇಳಿಕೊಳ್ಳಬೇಕು. ಕಠಿಣವಾದ ಉಪನ್ಯಾಸವನ್ನು ಕೇಳಬೇಕಾದವನಿಗೆ, ಬೆವರಿ ಬೆದರಿ ಬಂದ ಮೈಗಿಂತ ಹತ್ತು ಪುಟ ಓದಿ ಬಂದ ಮನಸ್ಸು ಉತ್ತಮ, ಅವನಿಗೆ ರೈಲು. ದಿನವಿಡೀ ಮೇಜಿನ ಮುಂದೆ ಕುಗ್ಗಿ ಕುಳಿತು, ಸ್ನೇಹಿತನ ಮನೆಯ ಜಗಲಿಯಲ್ಲಿ ಹರಟುವುದಕ್ಕಾಗಿ ಹೋಗುವವನಿಗೆ ಮೈ ಬಿಸಿಯಾಗುವುದೇ ಔಷಧ. ಅವನಿಗೆ, ಬೆಳಕೂ ದಾರಿಯೂ ಅನುಕೂಲವಾಗಿರುವಾಗ, ಬೈಸಿಕಲ್ಲು. ಎರಡರ ಸುಖವೂ ಬೇಕೆನ್ನುವವನಿಗೆ ಮಧ್ಯಮ ಮಾರ್ಗವುಂಟು. ೨೦೨೨ರಲ್ಲಿ ಬೆಂ­ಗಳೂರಿನ ಮೆಟ್ರೋ ಗಾಡಿಗಳಲ್ಲಿ ಹದಿನೈದು ಕಿಲೋ ಮೀರದ, ಗೊತ್ತಾದ ಅಳತೆಯೊಳಗಿನ ಮಡಿಚುವ ಬೈಸಿಕಲ್ಲನ್ನು ಕೊನೆಯ ಗಾಡಿಯಲ್ಲಿ ಒಯ್ಯಲು ಒಪ್ಪಿಗೆ ಕೊಟ್ಟರು. ಹಗಲಿರುವಾಗ ತುಳಿದು ಹೋಗಿ ಕತ್ತಲಾದಮೇಲೆ ರೈಲಿನಲ್ಲಿ ಮರಳುವುದು ಇದರಿಂದ ಸಾಧ್ಯವಾಯಿತು. ಆದರೆ ಮಡಿಚುವ ಬೈಸಿಕಲ್ಲಿನ ಬೆಲೆ ಕಾವಲುಗಾರನ ಕೈಗೆ ಎಟುಕತಕ್ಕದ್ದಲ್ಲ. ಅವನಿಗೆ ಬೇಕಾದುದು ನಿಲ್ದಾಣದ ಬಾಗಿಲಲ್ಲಿ ತನ್ನ ಹಳೆಯ ಬೈಸಿಕಲ್ಲನ್ನು ನಿರ್ಭಯವಾಗಿ ನಿಲ್ಲಿಸುವ ಒಂದು ಕಟ್ಟೆ, ಅಲ್ಲಿಯವರೆಗೆ ಒಂದು ಬೆಳಕಿರುವ ಓಣಿ, ಅವನ ಕೂಲಿಗೆ ಒಗ್ಗುವ ಒಂದು ದರ.

ತೀರ್ಪಿಗಿಂತ ಮುಖ್ಯವಾದುದು ಇದು: ತೀರ್ಪು ಮಾಡುವ ಸ್ವಾತಂತ್ರ್ಯವು ಎಲ್ಲರದೂ ಆಗಬೇಕು. ರಸ್ತೆಗೆ ಹೆದರಿ ರೈಲು ಹತ್ತುವವಳು ರೈಲನ್ನು ಆರಿಸಿದವಳಲ್ಲ. ದರಕ್ಕೆ ಹೆದರಿ ಬೈಸಿಕಲ್ಲು ಹತ್ತುವವನು ಬೈಸಿಕಲ್ಲನ್ನು ಆರಿಸಿದವನಲ್ಲ. ಇಬ್ಬರನ್ನೂ ತಳ್ಳಿರುವುದು ಭಯ. ಊರು ದೊಡ್ಡದಾಯಿತೆಂದು ಹೆಮ್ಮೆಪಡುವವರು ಈ ಎರಡು ಭಯಗಳನ್ನು ತೊಲಗಿಸುವವರೆಗೆ ಊರು ಉದ್ದವಾಯಿತೆಂದು ಮಾತ್ರ ಹೇಳಬೇಕು.

ದುಷ್ಯಂತನು ತಪೋವನದ ಅಂಚಿಗೆ ಬಂದಾಗ ರಥದಿಂದ ಇಳಿದು, ಬಿಲ್ಲನ್ನೂ ಆಭರಣಗಳನ್ನೂ ಸಾರಥಿಯ ಕೈಗೆ ಕೊಟ್ಟು, ವಿನೀತವೇಷದಿಂದ ಒಳಗೆ ನಡೆಯುತ್ತಾನೆ. ರಥವೆಷ್ಟು ವೇಗದ್ದಾಗಿತ್ತೆಂದು ಆಶ್ರಮದವರು ಯಾರೂ ಕೇಳಲಿಲ್ಲ. ಯಾವ ವಾಹನದಲ್ಲಿ ಬಂದವನಾದರೂ ಕೊನೆಯ ಹೆಜ್ಜೆಗಳನ್ನು ಕಾಲಿನಿಂದಲೇ ಇಡಬೇಕು. ಆ ಹೆಜ್ಜೆಗಳನ್ನು ಯಾವ ಹೆಂಗಸಾದರೂ, ಯಾವ ಕೂಲಿಯವನಾದರೂ, ಯಾವ ಸಂಜೆಯಾದರೂ, ನಿಶ್ಚಿಂತೆಯಿಂದ ಇಡುವಂತಾದರೆ ರೈಲೂ ಬೈಸಿಕಲ್ಲೂ ತಮ್ಮ ಕೆಲಸವನ್ನು ಮಾಡಿದಂತೆಯೇ ಸರಿ.